ವ್ಯಾಕರಣಕ್ಕಾಗಿ ನಡುಹಾದಿಯಲ್ಲಿ ತಂಗಿದ ಯಾತ್ರಿಕ

ಗುಂಡ್ಲುಪೇಟೆಯ ಹೆಸರು ಕನ್ನಡ ಸಾಹಿತ್ಯದಲ್ಲಿ ಎರಡು ಅಕ್ಷರಗಳಲ್ಲಿ ಅಡಗಿ ಕುಳಿತಿದೆ. ಜಿ. ಪಿ. ರಾಜರತ್ನಂ ಅವರ ಹೆಸರಿನ ಮುಂದಿರುವ ಆ ಎರಡಕ್ಷರಗಳು ಗುಂಡ್ಲು ಪಂಡಿತ ಎಂಬ ಮನೆತನದ ಹೆಸರಿನ ಸಂಕ್ಷೇಪ. ರತ್ನನ ಪದಗಳನ್ನೂ ಮಕ್ಕಳ ಹಾಡುಗಳನ್ನೂ ಬಲ್ಲ ನಮ್ಮ ವಿದ್ಯಾರ್ಥಿಗಳಲ್ಲಿ, ಅವರು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದವರೆಂಬುದನ್ನೂ ಚೀನಾದೇಶದ ಬೌದ್ಧ ಯಾತ್ರಿಕರನ್ನು ಕುರಿತು ಪುಸ್ತಕ ಬರೆದವರೆಂಬುದನ್ನೂ ಬಲ್ಲವರು ವಿರಳ. ಯಾತ್ರಿಕರೆಂದೊಡನೆ ನೆನಪಾಗುವವರು ಫಾಹಿಯಾನ್ ಮತ್ತು ಹ್ಯುಯೆನ್ ತ್ಸಾಂಗ್. ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ಬರೆದಿಟ್ಟವನಾದ್ದರಿಂದ ಹ್ಯುಯೆನ್ ತ್ಸಾಂಗನಂತೂ ಕನ್ನಡಿಗರಿಗೆ ಮನೆಯ ನೆಂಟನಿದ್ದಂತೆ. ಮೂರನೆಯವನಾದ ಇತ್ಸಿಂಗನು ಪಠ್ಯಪುಸ್ತಕದ ಒಂದು ಸಾಲಿನಲ್ಲಿ ಮುಗಿದುಹೋಗುತ್ತಾನೆ. ಆದರೆ ಭಾಷೆಯನ್ನು ಕಲಿಯುವ, ಕಲಿಸುವ ನಮ್ಮಂಥವರಿಗೆ ಈ ಮೂವರಲ್ಲಿ ಹತ್ತಿರದವನು ಇವನೇ.

ತೆರಕಣಾಂಬಿ, ಬೇಗೂರುಗಳಿಂದ ಬಸ್ಸು ಹಿಡಿದು ಚಾಮರಾಜನಗರದ ಕಾಲೇಜಿಗೆ ಬರುವ ಹುಡುಗನಿಗೆ ಇಂಗ್ಲಿಷ್ ವ್ಯಾಕರಣವೆಂದರೆ ಎದೆ ಡವಗುಟ್ಟುವುದುಂಟು. ಆದರೂ ಅವನ ಕೈಯಲ್ಲಿ ಒಂದಿಷ್ಟು ಬಂಡವಾಳವಿದೆ. ವಿಭಕ್ತಿ, ವಚನ, ಕಾಲ ಎಂಬ ಕಲ್ಪನೆಗಳು ಅವನ ತಾಯಿನುಡಿಯಲ್ಲೇ ಇವೆ. ಮರ, ಮರಗಳು, ಮರವನ್ನು ಎನ್ನುವಾಗ ಅವನು ಅರಿಯದೆಯೇ ವ್ಯಾಕರಣ ಮಾಡುತ್ತಿರುತ್ತಾನೆ. ಚೀನೀ ಭಾಷೆಯಲ್ಲಿ ಪದವು ಹೀಗೆ ರೂಪ ಬದಲಿಸುವುದಿಲ್ಲ. ಒಂದು ಮರಕ್ಕೂ ಹತ್ತು ಮರಗಳಿಗೂ ಪದ ಅದೇ. ನಿನ್ನೆ ಬಂದದ್ದಕ್ಕೂ ನಾಳೆ ಬರುವುದಕ್ಕೂ ಕ್ರಿಯಾಪದದ ರೂಪ ಅದೇ. ಅರ್ಥವೆಲ್ಲ ಪದಗಳ ಅನುಕ್ರಮದಲ್ಲಿ, ಜೊತೆಗೆ ಬರುವ ಸಣ್ಣಪುಟ್ಟ ಪದಗಳಲ್ಲಿ ನಿಂತಿದೆ. ಅವನು, ಅವಳು ಎಂಬೆರಡಕ್ಕೂ ಆಡುಮಾತಿನಲ್ಲಿ ಉಚ್ಚಾರ ಒಂದೇ. ಇಂದು ಇಂಗ್ಲಿಷ್ ಕಲಿಯುವ ಚೀನೀ ವಿದ್ಯಾರ್ಥಿಗಳು ಬಹುವಚನದ ಪ್ರತ್ಯಯವನ್ನು ಮರೆಯುವುದಕ್ಕೂ, ಭೂತಕಾಲದಲ್ಲಿ ಎಡವುವುದಕ್ಕೂ, ಸ್ತ್ರೀಪುರುಷ ಸರ್ವನಾಮಗಳನ್ನು ಅದಲುಬದಲು ಮಾಡುವುದಕ್ಕೂ ಇದೇ ಕಾರಣ. ಇಂಥ ನುಡಿಯವನು ಸಂಸ್ಕೃತದ ಮುಂದೆ ಬಂದು ನಿಂತರೆ ಹೇಗಾದೀತು? ಮೂರು ವಚನಗಳು, ಸಾಲು ಸಾಲು ವಿಭಕ್ತಿಗಳು, ಹತ್ತು ಲಕಾರಗಳು!

ಇತ್ಸಿಂಗನು ಹುಟ್ಟಿದ್ದು ಕ್ರಿ. ಶ. 635ರಲ್ಲಿ, ಉತ್ತರ ಚೀನಾದಲ್ಲಿ. ಈಗಿನ ಬರಹಗಾರರು ಆ ಹೆಸರನ್ನು ಯಿಜಿಂಗ್ ಎಂದು ಬರೆಯುತ್ತಾರೆ. ಬಾಲ್ಯದಲ್ಲೇ ವಿಹಾರವನ್ನು ಸೇರಿದ ಅವನಿಗೆ ಇಬ್ಬರು ಗುರುಗಳು. ಅವರಲ್ಲಿ ಹಿರಿಯನಾದ ಶಾನ್ ಯೂ ಮಹಾವಿದ್ವಾಂಸ. ಲೌಕಿಕ ವಿದ್ಯೆಯ ಮೋಹ ಶಿಷ್ಯರನ್ನು ಕಟ್ಟಿಹಾಕೀತೆಂದು, ಸಾಯುವುದಕ್ಕೆ ಮುನ್ನ ತನ್ನ ಚರಿತ್ರೆ ಕಾವ್ಯಗಳ ಗ್ರಂಥಗಳನ್ನೆಲ್ಲ ಹರಿದು, ಆ ಕಾಗದವನ್ನು ಅರೆದು ದ್ವಾರಪಾಲಕರ ವಿಗ್ರಹಗಳಿಗೆ ಮೆತ್ತಿಸಿದನಂತೆ. ಆಗ ಇತ್ಸಿಂಗನು ಹನ್ನೆರಡರ ಬಾಲಕ. ಅಂಥ ಗುರುವಿನ ಶಿಷ್ಯನು ಮುಂದೆ ಐದು ಲಕ್ಷ ಶ್ಲೋಕಗಳಷ್ಟು ಗ್ರಂಥಗಳನ್ನು ಹೊತ್ತು ತಂದನೆಂಬುದನ್ನು ನೆನೆದಾಗ ವಿಸ್ಮಯವಾಗುತ್ತದೆ.

ಭಾರತಕ್ಕೆ ಹೋಗಬೇಕೆಂಬ ಆಸೆ ಹದಿಹರೆಯದಲ್ಲೇ ಹುಟ್ಟಿತು, ಕೈಗೂಡಿದ್ದು ಮೂವತ್ತೇಳರಲ್ಲಿ. ಒಡನೆ ಹೊರಡುವೆವೆಂದು ಮಾತು ಕೊಟ್ಟಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಉಳಿದವನು ಒಬ್ಬ ಎಳೆಯ ಭಿಕ್ಷು ಮಾತ್ರ. 671ರ ಕೊನೆಯಲ್ಲಿ ಕಾಂಟನ್ ಬಂದರಿನಿಂದ ಒಂದು ಪಾರಸೀಕ ಹಡಗಿನಲ್ಲಿ ಇಬ್ಬರೂ ಹೊರಟರು. ಇಪ್ಪತ್ತು ದಿನ ತುಂಬುವುದರೊಳಗೆ ಶ್ರೀವಿಜಯ ಸಿಕ್ಕಿತು. ಈಗಿನ ಸುಮಾತ್ರಾದ ಪಾಲೆಂಬಾಂಗ್ ಪ್ರದೇಶವದು. ಅಲ್ಲಿ ಎಳೆಯ ಭಿಕ್ಷು ಕಾಯಿಲೆ ಬಿದ್ದು ಹಿಂದಿರುಗಿದನು.

ಇತ್ಸಿಂಗನ ವಿವೇಕ ಕಾಣುವುದು ಇಲ್ಲಿಯೇ. ಭಾರತ ಇನ್ನೇನು ಎದುರಿಗಿದೆ, ಜೊತೆಗಾರನಿಲ್ಲ, ವಯಸ್ಸು ಏರುತ್ತಿದೆ. ಬೇರೊಬ್ಬನಾಗಿದ್ದರೆ ಮುಂದಿನ ಹಡಗನ್ನೇರಿ ಬೋಧಿವೃಕ್ಷದ ಬುಡಕ್ಕೆ ಧಾವಿಸುತ್ತಿದ್ದನು. ಇವನು ಆರು ತಿಂಗಳು ಶ್ರೀವಿಜಯದಲ್ಲೇ ತಂಗಿ ಶಬ್ದವಿದ್ಯೆಯನ್ನು, ಎಂದರೆ ಸಂಸ್ಕೃತ ವ್ಯಾಕರಣವನ್ನು, ಅಭ್ಯಾಸ ಮಾಡಿದನು. ಅಲ್ಲಿ ಸಾವಿರಕ್ಕೂ ಮಿಕ್ಕಿ ಭಿಕ್ಷುಗಳಿದ್ದರು. ಅಧ್ಯಯನದ ಕ್ರಮ ಮಧ್ಯದೇಶದ್ದೇ ಆಗಿತ್ತು. ಮುಂದೆ ಬರುವ ಚೀನೀ ಭಿಕ್ಷುಗಳಿಗೆ ಅವನು ಬರೆದಿಟ್ಟ ಸಲಹೆಯೂ ಇದೇ: ಒಂದೆರಡು ವರ್ಷ ಇಲ್ಲಿ ಕಲಿತು, ಬಳಿಕ ಭಾರತಕ್ಕೆ ಹೋಗಿರಿ. ತೀರ್ಥಕ್ಕಿಂತ ಮೊದಲು ಭಾಷೆ ಎಂದು ಈತನಂತೆ ಬಿಡಿಸಿ ಹೇಳಿದ ಯಾತ್ರಿಕ ಇನ್ನೊಬ್ಬನನ್ನು ನಾನರಿಯೆ.

ಅಲ್ಲಿಂದ ಮಲಯು, ಕೆಡಾ. ಬಳಿಕ ನಗ್ನರ ದ್ವೀಪ. ವಿದ್ವಾಂಸರು ಇದನ್ನು ನಿಕೋಬಾರ್ ಎನ್ನುತ್ತಾರೆ. ಅಲ್ಲಿಯ ಜನ ದೋಣಿಗಳಲ್ಲಿ ತೆಂಗಿನಕಾಯಿ ತುಂಬಿಕೊಂಡು ಬಂದು, ಬದಲಿಗೆ ಕಬ್ಬಿಣವೊಂದನ್ನೇ ಬೇಡುತ್ತಿದ್ದರಂತೆ. 673ರಲ್ಲಿ ವಂಗದೇಶದ ತಾಮ್ರಲಿಪ್ತಿಯಲ್ಲಿ ಇಳಿದು, ಹ್ಯುಯೆನ್ ತ್ಸಾಂಗನ ಶಿಷ್ಯನಾಗಿದ್ದ ಒಬ್ಬ ಹಿರಿಯ ಭಿಕ್ಷುವಿನ ಜೊತೆಯಲ್ಲಿ ಒಂದು ವರ್ಷ ಮತ್ತೆ ಸಂಸ್ಕೃತ ಕಲಿತನು.

ನಾಲಂದೆಯ ದಾರಿಯಲ್ಲಿ ಅವನ ಕಥೆ ಮುಗಿದೇ ಹೋಗಬೇಕಾಗಿತ್ತು. ನೂರಾರು ವರ್ತಕರ ತಂಡದೊಡನೆ ನಡೆಯುತ್ತಿದ್ದವನು ಜ್ವರದಿಂದ ಬಳಲಿ ಹಿಂದುಳಿದನು. ಬೆಟ್ಟದ ಕಣಿವೆಯಲ್ಲಿ ಕಳ್ಳರು ಬಿಲ್ಲೆತ್ತಿ ಅಡ್ಡಗಟ್ಟಿ ಮೈಮೇಲಿನ ಬಟ್ಟೆಯನ್ನೂ ಕಿತ್ತುಕೊಂಡರು. ಬಿಳಿಯ ಮೈಯವರನ್ನು ಹಿಡಿದು ಬಲಿಕೊಡುತ್ತಾರೆಂಬ ವದಂತಿಯನ್ನು ಅವನು ಕೇಳಿದ್ದನು. ಕೆಸರಿನ ಹೊಂಡಕ್ಕಿಳಿದು ಮೈಗೆಲ್ಲ ಕೆಸರು ಬಳಿದುಕೊಂಡು, ಸೊಪ್ಪು ಹೊದ್ದು, ಕೋಲೂರಿ ನಡೆದನು. ಇರುಳಿನ ಎರಡನೆಯ ಜಾವದಲ್ಲಿ ಊರ ಹೊರಗೆ ಆ ಹಿರಿಯ ಭಿಕ್ಷು ಅವನ ಹೆಸರು ಹಿಡಿದು ಕೂಗುತ್ತಿದ್ದನು.

ನಾಲಂದೆಯಲ್ಲಿ ಹತ್ತು ವರ್ಷ. ಅಲ್ಲಿದ್ದ ಭಿಕ್ಷುಗಳು ಮೂರು ಸಾವಿರಕ್ಕೂ ಹೆಚ್ಚು. ಆ ಕಾಲದ ಭಾರತದಲ್ಲಿ ವ್ಯಾಕರಣವನ್ನು ಹೇಗೆ ಕಲಿಸುತ್ತಿದ್ದರೆಂಬುದನ್ನು ಅವನು ಬರೆದಿಟ್ಟಿರುವಷ್ಟು ವಿವರವಾಗಿ ನಮ್ಮವರೇ ಬರೆದಿಟ್ಟಿಲ್ಲ. ಆರು ವರ್ಷದ ಮಗು ಸಿದ್ಧಂ ಎಂಬ ಅಕ್ಷರಮಾಲೆಯ ಪುಸ್ತಕವನ್ನು ಆರು ತಿಂಗಳಲ್ಲಿ ಕಲಿಯುತ್ತದೆ. ಎಂಟರಲ್ಲಿ ಪಾಣಿನಿಯ ಸೂತ್ರಗಳು. ಎಂಟು ತಿಂಗಳಲ್ಲಿ ಕಂಠಪಾಠ. ಆಮೇಲೆ ಧಾತುಗಳು. ಹತ್ತರಿಂದ ಮೂರು ವರ್ಷ ಖಿಲಗಳು. ಹದಿನೈದರಲ್ಲಿ ಕಾಶಿಕಾವೃತ್ತಿ, ಅದಕ್ಕೆ ಐದು ವರ್ಷ. ಚೀನಾದಿಂದ ಬಂದವರು ಇದಕ್ಕೆ ಹೆಗಲು ಕೊಡದಿದ್ದರೆ ಮಿಕ್ಕ ಶ್ರಮವೆಲ್ಲ ವ್ಯರ್ಥವೆಂಬುದು ಅವನ ಖಚಿತ ಅಭಿಪ್ರಾಯ. ಹೀಗೆ ಹೇಳಿ ಸುಮ್ಮನಾಗದೆ, ಪುರುಷ ಎಂಬ ಶಬ್ದವೊಂದನ್ನು ತೆಗೆದುಕೊಂಡು ಒಬ್ಬನಿದ್ದರೆ ಒಂದು ರೂಪ, ಇಬ್ಬರಿದ್ದರೆ ಒಂದು, ಹಲವರಿದ್ದರೆ ಇನ್ನೊಂದು ಎಂದು ತನ್ನ ದೇಶದವರಿಗೆ ವಿವರಿಸುತ್ತಾನೆ. ಏಳು ವಿಭಕ್ತಿ, ಮೂರು ವಚನ, ಒಟ್ಟು ಇಪ್ಪತ್ತೊಂದು. ವಿಭಕ್ತಿಯೇ ಇಲ್ಲದ ನುಡಿಯಲ್ಲಿ ವಿಭಕ್ತಿಯನ್ನು ಹೇಳಿಕೊಡುವ ಆ ಪುಟ ನನಗೆ ಅವನ ಸಾಹಸಗಳಿಗಿಂತ ದೊಡ್ಡದಾಗಿ ತೋರುತ್ತದೆ.

ಅವನ ಮಾತನ್ನೆಲ್ಲ ಕಣ್ಣು ಮುಚ್ಚಿ ನಂಬಬೇಕಾಗಿಲ್ಲ. ಭರ್ತೃಹರಿಯು ತನಗಿಂತ ನಲವತ್ತು ವರ್ಷ ಮೊದಲು ತೀರಿಕೊಂಡನೆಂದೂ, ಏಳು ಸಲ ಸಂನ್ಯಾಸಕ್ಕೆ ಹೋಗಿ ಏಳು ಸಲ ಸಂಸಾರಕ್ಕೆ ಮರಳಿದನೆಂದೂ ಬರೆಯುತ್ತಾನೆ. ಭರ್ತೃಹರಿ ಇವನಿಗಿಂತ ಬಹಳ ಹಿಂದಿನವನೆಂದು ಈಗಿನ ವಿದ್ವಾಂಸರು ನಿಶ್ಚಯಿಸಿದ್ದಾರೆ. ಅವನು ಕೇಳಿದ್ದನ್ನು ಬರೆದನು, ಅಷ್ಟೆ.

685ರಲ್ಲಿ ನಾನೂರರಷ್ಟು ಗ್ರಂಥಗಳೊಡನೆ ಶ್ರೀವಿಜಯಕ್ಕೆ ಮರಳಿ, ಅಲ್ಲಿಯೇ ಅನುವಾದಕ್ಕೆ ಕುಳಿತನು. ಕಾಗದವಿಲ್ಲ, ಮಸಿಯಿಲ್ಲ, ಲಿಪಿಕಾರರಿಲ್ಲ. 689ರಲ್ಲಿ ಇವನ್ನು ಕೇಳಿ ಕಾಂಟನ್‌ಗೆ ಪತ್ರ ಕಳುಹಿಸಲೆಂದು ಬಂದರಿಗೆ ಹೋಗಿ ಹಡಗನ್ನು ಹತ್ತಿದನು. ಅಷ್ಟರಲ್ಲಿ ಗಾಳಿ ತಿರುಗಿತು. ನಾವಿಕರು ಹಾಯಿ ಬಿಚ್ಚಿದರು. ಪತ್ರದೊಡನೆ ಬರೆದವನೂ ಕಾಂಟನ್ ಸೇರಿದನು! ಗ್ರಂಥಗಳೆಲ್ಲ ಉಳಿದದ್ದು ಶ್ರೀವಿಜಯದಲ್ಲಿ. ತಾಯ್ನಾಡಿನಲ್ಲಿ ಕಾಲಿಟ್ಟವನು ಅಲ್ಲಿಯೇ ನಿಲ್ಲಲಿಲ್ಲ. ನಾಲ್ವರು ಸಹಾಯಕರನ್ನು ಕೂಡಿಸಿಕೊಂಡು ಆ ವರ್ಷವೇ ಮತ್ತೆ ಕಡಲನ್ನು ದಾಟಿದನು.

695ರಲ್ಲಿ ಲೋಯಾಂಗ್ ನಗರದ ಪೂರ್ವದ್ವಾರದ ಹೊರಗೆ ಸಮ್ರಾಜ್ಞಿ ವೂ ತಾನೇ ಬಂದು ಅವನನ್ನು ಎದುರುಗೊಂಡಳು. ಮುಂದಿನ ಹದಿನಾರು ವರ್ಷ ಅನುವಾದವೇ ಅವನ ಬಾಳಾಯಿತು. 711ರ ಹೊತ್ತಿಗೆ 56 ಗ್ರಂಥಗಳು, 230 ಸಂಪುಟಗಳು ಮುಗಿದಿದ್ದವು. 713ರಲ್ಲಿ, ಅವರ ಎಣಿಕೆಯಂತೆ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಂಡನು.

ಅವನ ಹೆಸರಿನಲ್ಲಿ ಒಂದು ಸಣ್ಣ ಪದಕೋಶವೂ ಉಳಿದಿದೆ. ಚೀನೀ ಮಕ್ಕಳು ಅಕ್ಷರ ಕಲಿಯುತ್ತಿದ್ದ ಸಾವಿರ ಅಕ್ಷರಗಳ ಹಳೆಯ ಪಾಠದ ಮಾದರಿಯಲ್ಲಿ, ಒಂದೊಂದು ಚೀನೀ ಅಕ್ಷರಕ್ಕೂ ಸಂಸ್ಕೃತ ಪದವನ್ನು ಜೋಡಿಸಿರುವ ಪುಸ್ತಕ. ನಮ್ಮ ಹಿರಿಯರು ಅಮರಕೋಶವನ್ನು ಸ್ವರ್ಗವರ್ಗದಿಂದ ಬಾಯಿಪಾಠ ಮಾಡುತ್ತಿದ್ದಂತೆ, ಇದನ್ನು ಹಿಡಿದ ಚೀನೀ ಬಾಲಭಿಕ್ಷುವೂ ಮೇಲಿನಿಂದಲೇ ತೊಡಗಬೇಕಾಗಿತ್ತು: ಆಕಾಶ, ಭೂಮಿ, ಸೂರ್ಯ, ಚಂದ್ರ. ಆ ಪುಸ್ತಕ ಜಪಾನಿನಲ್ಲಿ ಇಂದಿಗೂ ಸುರಕ್ಷಿತವಾಗಿದೆ.