ಏಕಕೋಶ ಪಾಚಿಗಳ ಪಾಲಕ ಪ್ರಿಂಗ್ಸ್‌ಹೈಮ್

ಮೈಸೂರು: ಕಡಲಿನಿಂದ ದೂರವಿರುವ ಮೈಸೂರಿನಲ್ಲಿ, ಗೋಕುಲಂ ಬಡಾವಣೆಗೆ ಸಮೀಪದ ಸಿಎಫ್‌ಟಿಆರ್‌ಐ ಪ್ರಯೋಗಾಲಯಗಳಲ್ಲಿ ಉಪ್ಪುನೀರಿನ ಏಕಕೋಶ ಪಾಚಿ ಡುನಾಲಿಯೆಲ್ಲಾವನ್ನು ಬೆಳೆಸಿ ಸಂಶೋಧನೆ ನಡೆಸಲಾಗಿದೆ. ಇಂತಹ ಸೂಕ್ಷ್ಮ ಕೃಷಿಗೆ ಶಾಸ್ತ್ರೀಯ ತಳಹದಿ ಹಾಕಿದವರಲ್ಲಿ ಪ್ರಮುಖರು ಜರ್ಮನ್ ಸಸ್ಯವಿಜ್ಞಾನಿ ಅರ್ನ್ಸ್ಟ್ ಗೆಯೋರ್ಗ್ ಪ್ರಿಂಗ್ಸ್‌ಹೈಮ್.

1881ರಲ್ಲಿ ಯಹೂದಿ ಕುಟುಂಬದಲ್ಲಿ ಜನಿಸಿದ ಅವರು 1923ರಲ್ಲಿ ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಸೂಕ್ಷ್ಮದರ್ಶಕದಡಿ ಕೂದಲೆಳೆಯಂತಹ ಗಾಜಿನ ನಳಿಕೆಯಿಂದ ಒಂದೇ ಕೋಶವನ್ನು ಹೆಕ್ಕಿ, ಶುದ್ಧ ದ್ರಾವಣದಲ್ಲಿ ಮತ್ತೆ ಮತ್ತೆ ತೊಳೆದು, ಅನ್ಯ ಜೀವಿಗಳ ಸೋಂಕಿಲ್ಲದಂತೆ ಬೆಳೆಸುವ ವಿಧಾನವನ್ನು ಅವರು ಪರಿಷ್ಕರಿಸಿದರು. ಮಣ್ಣಿನ ಸಾರವೇ ಪಾಚಿಗೆ ಆಹಾರ. ಕಡಲ ಜೀವಿಗಳಿಗಾದರೆ ಅದರೊಡನೆ ಸಮುದ್ರದ ನೀರೂ ಬೇಕು. ಪೋಷಕಾಂಶ ತೀರುವ ಮುನ್ನ ಹೊಸ ನಳಿಕೆಗೆ ವರ್ಗಾಯಿಸದಿದ್ದರೆ ತಳಿಯೇ ನಾಶವಾಗುತ್ತದೆ.

ನಾತ್ಸಿಗಳ ಭೀತಿಯಿಂದ 1938ರಲ್ಲಿ ಅವರು ಪ್ರಾಗ್ ತೊರೆದು ಇಂಗ್ಲೆಂಡ್ ಸೇರಿದರು. ಪಾಚಿಯ ತಳಿಗಳೂ ಅವರೊಂದಿಗೆ ವಲಸೆ ಹೋದವು. 1946ರಲ್ಲಿ ಪಾಚಿಗಳ ಶುದ್ಧ ಕೃಷಿ ಕುರಿತ ಅವರ ಗ್ರಂಥ ಪ್ರಕಟವಾಯಿತು. ಮರುವರ್ಷ ಆ ಸಂಗ್ರಹವನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ವಹಿಸಿಕೊಂಡಿತು. 1953ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಜರ್ಮನಿಗೆ ಮರಳಿದ ಪ್ರಿಂಗ್ಸ್‌ಹೈಮ್ ಗೋಟಿಂಗನ್‌ನಲ್ಲಿ ಮತ್ತೊಂದು ಸಂಗ್ರಹ ಕಟ್ಟಿದರು.

1970ರಲ್ಲಿ ಅವರು ನಿಧನರಾದರು. ಗೋಟಿಂಗನ್‌ನಲ್ಲಿ ಇಂದು ಎರಡು ಸಾವಿರಕ್ಕೂ ಅಧಿಕ ತಳಿಗಳಿವೆ. ನಿರಾಶ್ರಿತನೊಬ್ಬ ಕೈಬಿಡದೆ ಕಾಪಾಡಿದ ಜೀವಸಂಕುಲ ನಳಿಕೆಯಿಂದ ನಳಿಕೆಗೆ ಸಾಗುತ್ತ ಇಂದಿಗೂ ಹಸಿರಾಗಿದೆ.