ರಾತ್ರಿ ರೈಲು ಎಂಬ ಹೆಸರಿನ ಆಟಗಾರ



ಈ ತಿಂಗಳ ಗೋಡೆ ಪತ್ರಿಕೆಗೆ ಒಬ್ಬೊಬ್ಬರು ಒಬ್ಬ ದೊಡ್ಡವರ ಜೀವನ ಚರಿತ್ರೆ ಬರೆಯಬೇಕು ಅಂತ ತೀರ್ಮಾನ ಆಯಿತಲ್ಲ, ಆವತ್ತು ಗಾಂಧೀಜಿ, ವಿಶ್ವೇಶ್ವರಯ್ಯ, ಕಿತ್ತೂರು ಚೆನ್ನಮ್ಮ ಇವರನ್ನೆಲ್ಲ ಬೇರೆಯವರು ಮೊದಲೇ ಹಂಚಿಕೊಂಡುಬಿಟ್ಟರು. ನಾನು ಅಮೆರಿಕ ದೇಶದ ಆಟಗಾರ ಡಿಕ್ ಲೇನ್ ಅವರ ಬಗ್ಗೆ ಬರೆಯುತ್ತಿದ್ದೇನೆ. ಇವರ ಹೆಸರು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ಅಮೆರಿಕದಲ್ಲಿ ಮಾತ್ರ ಆಟ ನೋಡುವವರಿಗೆಲ್ಲ ಗೊತ್ತು.

ಇವರನ್ನೇ ಯಾಕೆ ಆರಿಸಿಕೊಂಡೆ ಅಂದರೆ ಅದಕ್ಕೊಂದು ಕಾರಣ ಇದೆ. ನನಗೆ ಕಬಡ್ಡಿ ಅಂದರೆ ಪ್ರಾಣ. ಹೋದ ವರ್ಷ ತಂಡ ಆರಿಸುವಾಗ ನನ್ನನ್ನು ಬಿಟ್ಟರು. ನನಗೆ ಹಿಡಿತ ಬರೋದಿಲ್ಲ, ಹಿಡಿತ ಅನ್ನೋದು ಹುಟ್ಟಿನಿಂದಲೇ ಬರಬೇಕು, ಹೇಳಿಕೊಟ್ಟರೆ ಬರುವಂಥದ್ದಲ್ಲ ಅಂತ ದೊಡ್ಡವರೊಬ್ಬರು ಹೇಳಿದರು. ಆವತ್ತು ಮನೆಗೆ ಬಂದು ಊಟ ಮಾಡದೆ ಮಲಗಿದ್ದೆ. ಆ ಮಾತು ನಿಜವೇ ಅಂತ ತಿಳಿದುಕೊಳ್ಳಬೇಕು ಅನ್ನಿಸಿತು. ಅದಕ್ಕೇ ಜಗತ್ತಿನಲ್ಲಿ ಎದುರಾಳಿಯನ್ನು ತಡೆಯುವುದರಲ್ಲಿ ಹೆಸರಾದವರು ಯಾರು ಅಂತ ಹುಡುಕಿದೆ.

ಮೊದಲು ಆ ಆಟ ಏನು ಅಂತ ಸ್ವಲ್ಪ ಹೇಳುತ್ತೇನೆ. ಅಮೆರಿಕದವರು ಫುಟ್‌ಬಾಲ್ ಅನ್ನುವುದು ನಾವು ಕಾಲಿನಲ್ಲಿ ಒದೆಯುವ ಆಟವಲ್ಲ. ಚೆಂಡು ಉದ್ದುದ್ದ, ಎರಡು ತುದಿ ಚೂಪು. ಒಂದೊಂದು ಕಡೆ 11 ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಮುಂದಕ್ಕೆ ಎಸೆಯಲೂಬಹುದು. ಎಸೆಯುವವರಿಗೆ ಕ್ವಾರ್ಟರ್‌ಬ್ಯಾಕ್ ಅಂತಲೂ, ಓಡಿಹೋಗಿ ಹಿಡಿಯುವವರಿಗೆ ರಿಸೀವರ್ ಅಂತಲೂ ಹೆಸರು. ಆ ರಿಸೀವರ್ ಬೆನ್ನಿಗೆ ಬಿದ್ದು ಕಾಯುವವರು ಕಾರ್ನರ್‌ಬ್ಯಾಕ್. ನಮ್ಮ ಕಬಡ್ಡಿಯಲ್ಲೂ ಎರಡು ಮೂಲೆಯಲ್ಲಿ ನಿಲ್ಲುವವರನ್ನು ಕಾರ್ನರ್ ಅನ್ನುತ್ತೇವಲ್ಲ, ಹೆಚ್ಚು ಕಡಿಮೆ ಅವರ ಹಾಗೇ ಅಂದುಕೊಳ್ಳಿ. ಎದುರಾಳಿಗೆ ಎಸೆದ ಚೆಂಡನ್ನು ಕಾರ್ನರ್‌ಬ್ಯಾಕ್ ನಡುವೆ ನುಗ್ಗಿ ಕಿತ್ತುಕೊಂಡರೆ ಅದಕ್ಕೆ ಇಂಟರ್‌ಸೆಪ್ಷನ್ ಅನ್ನುತ್ತಾರೆ.

ಲೇನ್ ಅವರು 1920ರ ದಶಕದ ಕೊನೆಯಲ್ಲಿ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಹುಟ್ಟಿದರು. ಅವರದು ಕಪ್ಪು ಜನರ ಕುಟುಂಬ. ಮೂರು ತಿಂಗಳ ಕೂಸಾಗಿದ್ದಾಗ ಅವರನ್ನು ಹೆತ್ತವರು ಕಸದಲ್ಲಿ ಬಿಟ್ಟುಹೋದರು. ಎಲ್ಲಾ ಲೇನ್ ಎಂಬ ವಿಧವೆ ಆ ದಾರಿಯಲ್ಲಿ ಹೋಗುತ್ತಿದ್ದರು. ಏನೋ ಅಳುವ ಸದ್ದು ಕೇಳಿ ಬೆಕ್ಕು ಇರಬೇಕು ಅಂದುಕೊಂಡರಂತೆ. ಹತ್ತಿರ ಹೋಗಿ ನೋಡಿದರೆ ಮಗು! ಅವರಿಗೆ ಮೊದಲೇ ಮಕ್ಕಳಿದ್ದರು, ಬಡತನ ಬೇರೆ. ಆದರೂ ಆ ಮಗುವನ್ನು ಎತ್ತಿಕೊಂಡು ಹೋಗಿ ತಮ್ಮ ಮನೆಯ ಹೆಸರನ್ನೇ ಕೊಟ್ಟು ಸಾಕಿದರು. ಇದನ್ನು ಓದಿದಾಗ ನನ್ನ ಕಣ್ಣಲ್ಲಿ ನೀರು ಬಂತು.

ಆ ಕಾಲದಲ್ಲಿ ಆಸ್ಟಿನ್‌ನಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ. ಲೇನ್ ಅವರು ಕಪ್ಪು ಮಕ್ಕಳ ಆಂಡರ್ಸನ್ ಹೈಸ್ಕೂಲಿನಲ್ಲಿ ಓದಿದರು, ಅಲ್ಲೇ ಫುಟ್‌ಬಾಲ್ ಆಡಿದರು. ಆಮೇಲೆ ನೆಬ್ರಾಸ್ಕ ರಾಜ್ಯದ ಸ್ಕಾಟ್ಸ್‌ಬ್ಲಫ್ ಎಂಬ ಊರಿನ ಕಾಲೇಜಿಗೆ ಸೇರಿ 1947ರಲ್ಲಿ ಒಂದು ವರ್ಷ ಆಡಿದರು. ಅವರನ್ನು ಬಿಟ್ಟುಹೋಗಿದ್ದ ಹೆತ್ತ ತಾಯಿ ಆಗ ಅದೇ ಊರಿನಲ್ಲಿದ್ದರು. ಲೇನ್ ಅವರು ಸಿಟ್ಟು ಇಟ್ಟುಕೊಳ್ಳದೆ ಅವರ ಜೊತೆ ಇದ್ದರು. ಆಮೇಲೆ ನಾಲ್ಕು ವರ್ಷ ಸೈನ್ಯದಲ್ಲಿದ್ದರು. ಅಲ್ಲೂ ಫುಟ್‌ಬಾಲ್ ಬಿಡಲಿಲ್ಲ.

ಸೈನ್ಯದಿಂದ ಬಂದ ಮೇಲೆ ಲಾಸ್ ಏಂಜಲೀಸ್ ನಗರದಲ್ಲಿ ವಿಮಾನ ತಯಾರಿಸುವ ಕಾರ್ಖಾನೆಗೆ ಸೇರಿದರು. ಎಣ್ಣೆ ಸುರಿಯುವ ದೊಡ್ಡ ದೊಡ್ಡ ಲೋಹದ ತಗಡು ಎತ್ತುವ ಕೆಲಸ. ಮೈಯೆಲ್ಲ ಜಿಡ್ಡು. ಕೆಲಸಕ್ಕೆ ಹೋಗುವ ಬಸ್ಸು ರ‍್ಯಾಮ್ಸ್ ಎಂಬ ದೊಡ್ಡ ತಂಡದ ಆಫೀಸಿನ ಮುಂದೆಯೇ ಹಾದುಹೋಗುತ್ತಿತ್ತು. 1952ರಲ್ಲಿ ಒಂದು ದಿನ ಧೈರ್ಯ ಮಾಡಿ ಒಳಗೆ ಹೋಗೇಬಿಟ್ಟರು. ಯಾರೂ ಕರೆದಿರಲಿಲ್ಲ, ಶಿಫಾರಸು ಪತ್ರವೂ ಇರಲಿಲ್ಲ. ಕೈಯಲ್ಲಿ ಇದ್ದದ್ದು ತಮ್ಮ ಆಟದ ಪೇಪರ್ ಕಟಿಂಗ್ ಅಂಟಿಸಿದ ಒಂದು ಪುಸ್ತಕ ಮಾತ್ರ. ರ‍್ಯಾಮ್ಸ್ ಅಂದರೆ ಸಣ್ಣ ತಂಡ ಅಲ್ಲ, 1951ರಲ್ಲಿ ಇಡೀ ಲೀಗ್ ಗೆದ್ದಿದ್ದ ತಂಡ. ತರಬೇತುದಾರರು ಪುಸ್ತಕ ನೋಡಿ, ಆಗಲಿ ಒಂದು ಅವಕಾಶ ಕೊಡೋಣ ಅಂದರು.

ಮುಂದಿನದ್ದೇ ನನಗೆ ಬೇಕಾಗಿದ್ದ ವಿಷಯ. ಲೇನ್ ಅವರು ಆ ತಂಡಕ್ಕೆ ಬಂದದ್ದು ತಡೆಯುವ ಕೆಲಸಕ್ಕೆ ಅಲ್ಲವೇ ಅಲ್ಲ! ಚೆಂಡು ಹಿಡಿಯುವ ರಿಸೀವರ್ ಆಗಬೇಕು ಅಂತ ಬಂದದ್ದು. ಆದರೆ ಆ ಜಾಗದಲ್ಲಿ ಟಾಮ್ ಫಿಯರ್ಸ್, ಎಲ್ರಾಯ್ ಹಿರ್ಷ್ ಎಂಬ ಹೆಸರಾಂತ ಆಟಗಾರರಿದ್ದರು. ದೊಡ್ಡ ತಂಡದ ಆಟದ ಲೆಕ್ಕಾಚಾರ, ಗುಟ್ಟಿನ ಮಾತುಗಳು ಲೇನ್ ಅವರಿಗೆ ಅರ್ಥವಾಗುತ್ತಿರಲಿಲ್ಲ. ಅವರು ನಾಚಿಕೆ ಪಡದೆ ಫಿಯರ್ಸ್ ಅವರ ಕೋಣೆಗೇ ಹೋಗಿ ಕೇಳಿ ಕೇಳಿ ತಿಳಿದುಕೊಳ್ಳುತ್ತಿದ್ದರು. ಆ ಕೋಣೆಯಲ್ಲಿ ಯಾವಾಗಲೂ ನೈಟ್ ಟ್ರೇನ್ ಎಂಬ ಸಂಗೀತದ ಪ್ಲೇಟು ಹಾಕಿರುತ್ತಿದ್ದರು. ನೈಟ್ ಟ್ರೇನ್ ಅಂದರೆ ರಾತ್ರಿ ರೈಲು. ಇವರು ಬಂದಾಗಲೆಲ್ಲ ಅದೇ ಸಂಗೀತ ಕೇಳಿಸುತ್ತಿದ್ದರಿಂದ ಜೊತೆಯವರು ಇವರಿಗೆ ಅದೇ ಹೆಸರಿಟ್ಟರು.

ಆಮೇಲೆ ತರಬೇತುದಾರರು ಅವರನ್ನು ತಡೆಯುವ ಕಡೆಗೆ ಹಾಕಿದರು. ಅದೇ ವರ್ಷ, ಅಂದರೆ ಮೊದಲನೇ ವರ್ಷವೇ, 12 ಪಂದ್ಯಗಳಲ್ಲಿ 14 ಸಲ ಎದುರಾಳಿಗಳ ಚೆಂಡು ಕಿತ್ತುಕೊಂಡರು. ಅದು ದಾಖಲೆ. ಈಗ ಒಂದು ವರ್ಷಕ್ಕೆ ಒಂದು ತಂಡ 17 ಪಂದ್ಯ ಆಡುತ್ತದೆ. ಆದರೂ 2024ರ ಆಟಗಳು ಮುಗಿಯುವವರೆಗೂ ಆ ದಾಖಲೆಯನ್ನು ಯಾರೂ ಮುರಿದಿರಲಿಲ್ಲ.

ಹೇಗೆ ಮಾಡಿದರು ಗೊತ್ತಾ? ಅವರು ರಿಸೀವರ್‌ಗೆ ಅಂಟಿಕೊಂಡು ನಿಲ್ಲುತ್ತಿರಲಿಲ್ಲ. ಬೇಕು ಅಂತಲೇ ಸ್ವಲ್ಪ ಜಾಗ ಬಿಟ್ಟು ನಿಲ್ಲುತ್ತಿದ್ದರು. ಓಹೋ ದಾರಿ ಖಾಲಿ ಇದೆ ಅಂತ ಎಸೆಯುವವರು ಎಸೆದುಬಿಡೋರು. ಅಷ್ಟರಲ್ಲಿ ಇವರು ಮಿಂಚಿನ ಹಾಗೆ ಬಂದು ಉದ್ದನೆಯ ಕೈ ಚಾಚಿ ಚೆಂಡು ಕಿತ್ತುಕೊಳ್ಳುತ್ತಿದ್ದರು. ನಮ್ಮಲ್ಲಿ ಒಳ್ಳೆಯ ಕಾರ್ನರ್ ಕಾಲು ಮುಂದಿಟ್ಟು ರೈಡರ್‌ಗೆ ಆಸೆ ತೋರಿಸಿ ಆಮೇಲೆ ಹಿಡಿಯುತ್ತಾರಲ್ಲ, ಹಾಗೆ.

ಅವರ ಆಟದಲ್ಲಿ ಒಂದು ತಪ್ಪೂ ಇತ್ತು, ಅದನ್ನೂ ಬರೆಯಬೇಕು. ಓಡುವವರನ್ನು ಅವರು ಕತ್ತಿಗೆ ಕೈ ಹಾಕಿ ಕೆಡವುತ್ತಿದ್ದರು. ಇದರಿಂದ ಎಷ್ಟೋ ಜನ ಹೆದರುತ್ತಿದ್ದರು. 1962ರಲ್ಲಿ ಆಟಗಾರರ ಮುಖದ ಕವಚ ಹಿಡಿದು ಎಳೆಯುವುದನ್ನು ಪೂರ್ತಿ ನಿಷೇಧಿಸಿದರು, ಕತ್ತಿಗೆ ಕೈ ಹಾಕುವುದನ್ನೂ ಆಮೇಲೆ ನಿಲ್ಲಿಸಿದರು. ಇನ್ನೊಬ್ಬರಿಗೆ ಪೆಟ್ಟಾಗುವ ಚಾಣಾಕ್ಷತನವನ್ನು ಕಲಿಯಲೂಬಾರದು, ಕಲಿಸಲೂಬಾರದು ಅಂತ ನನ್ನ ಅಭಿಪ್ರಾಯ.

ರ‍್ಯಾಮ್ಸ್ ಆದ ಮೇಲೆ ಷಿಕಾಗೋ, ಡೆಟ್ರಾಯಿಟ್ ತಂಡಗಳಲ್ಲಿ ಆಡಿ 1965ರಲ್ಲಿ ನಿವೃತ್ತರಾದರು. ಒಟ್ಟು 68 ಸಲ ಚೆಂಡು ಕಿತ್ತುಕೊಂಡಿದ್ದರು. 1974ರಲ್ಲಿ ಆ ಆಟದ ಅತಿ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. 1975ರಿಂದ 1992ರವರೆಗೆ ಡೆಟ್ರಾಯಿಟ್‌ನಲ್ಲಿ ಪೊಲೀಸರು ಮಕ್ಕಳಿಗಾಗಿ ನಡೆಸುವ ಕ್ರೀಡಾ ಸಂಘವನ್ನು ನೋಡಿಕೊಂಡರು. 2002ರ ಜನವರಿ 29ರಂದು ತಾವು ಹುಟ್ಟಿದ ಆಸ್ಟಿನ್‌ನಲ್ಲೇ ತೀರಿಕೊಂಡರು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ತಡೆಯುವ ಕಲೆ ಹುಟ್ಟಿನಿಂದ ಬರುತ್ತದೋ, ಕಲಿತರೆ ಬರುತ್ತದೋ?

ಲೇನ್ ಅವರ ಉದ್ದ ಕೈಕಾಲು, ವೇಗ ಹುಟ್ಟಿನಿಂದ ಬಂದದ್ದು. ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಆದರೆ ರಿಸೀವರ್ ಎಲ್ಲಿ ತಿರುಗುತ್ತಾರೆ, ಯಾವಾಗ ಚೆಂಡಿಗಾಗಿ ಹಿಂದೆ ನೋಡುತ್ತಾರೆ ಅನ್ನುವುದು ಅವರಿಗೆ ತಿಳಿದಿತ್ತು. ಯಾಕೆಂದರೆ ಅವರೂ ರಿಸೀವರ್ ಆಗಿದ್ದವರು, ಫಿಯರ್ಸ್ ಅವರ ಕೋಣೆಯಲ್ಲಿ ಕೂತು ಕಲಿತವರು. ಕಳ್ಳನ ದಾರಿ ಕಾವಲುಗಾರನಿಗೆ ಗೊತ್ತಿದ್ದರೆ ತಾನೇ ಹಿಡಿಯೋದು! 2021ರಲ್ಲಿ 11 ಸಲ ಚೆಂಡು ಕಿತ್ತುಕೊಂಡ ಟ್ರೆವನ್ ಡಿಗ್ಸ್ ಎಂಬ ಆಟಗಾರರು ಕೂಡ ಕಾಲೇಜಿಗೆ ಬಂದಾಗ ರಿಸೀವರ್ ಆಗಿದ್ದವರೇ. ಅಲ್ಲಿಯ ತರಬೇತುದಾರರು ಅವರನ್ನು ಕಾರ್ನರ್‌ಬ್ಯಾಕ್ ಮಾಡಿದರು.

ಈಗ ಅಲ್ಲಿ ತಡೆಯುವುದನ್ನು ಕಲಿಸಲಿಕ್ಕೇ ಬೇರೆ ತರಬೇತುದಾರರು ಇರುತ್ತಾರೆ. ಆದರೂ 14ನ್ನು ದಾಟಲು ಆಗಿಲ್ಲವಲ್ಲ ಅಂತ ನೀವು ಕೇಳಬಹುದು. ನನಗೆ ಅನ್ನಿಸುವುದು ಇಷ್ಟು: ಎಲ್ಲರೂ ಕಲಿತಿದ್ದಾರೆ, ಎಸೆಯುವವರೂ ಕಲಿತಿದ್ದಾರೆ. ಎಲ್ಲರನ್ನೂ ನೈಟ್ ಟ್ರೇನ್ ಮಾಡಲು ಆಗುವುದಿಲ್ಲ, ಆದರೆ ಒಳ್ಳೆಯ ಕಾರ್ನರ್ ಮಾಡಬಹುದು. ಕರೆಯದಿದ್ದರೂ ಆ ಆಫೀಸಿನ ಬಾಗಿಲು ತಳ್ಳಿದ ಧೈರ್ಯವನ್ನು ಮಾತ್ರ ಯಾರೂ ಕಲಿಸಲಾರರು. ಅದನ್ನು ನಾವೇ ಮಾಡಿಕೊಳ್ಳಬೇಕು.

ಇದನ್ನೆಲ್ಲ ಓದಿದ ಮೇಲೆ ನಾನೂ ಒಂದು ಕೆಲಸ ಮಾಡಿದೆ. ನಮ್ಮ ತಂಡದಲ್ಲಿ ಚೆನ್ನಾಗಿ ರೈಡ್ ಮಾಡುವ 8ನೇ ತರಗತಿಯ ಅಕ್ಕನ ಹತ್ತಿರ ಹೋಗಿ, ನೀವು ವಾಪಸ್ ತಿರುಗುವಾಗ ಯಾವ ಕಾಲು ಮೊದಲು ಎತ್ತುತ್ತೀರಿ ಅಂತ ಕೇಳಿದೆ. ಅಕ್ಕ ಮೊದಲು ನಕ್ಕರು, ಆಮೇಲೆ ತೋರಿಸಿಕೊಟ್ಟರು. ಈಗ ದಿನಾ ಸಂಜೆ ಅವರ ಕಾಲನ್ನೇ ನೋಡುತ್ತೇನೆ. ಹೋದ ವಾರ ಒಂದು ಸಲ ಅವರ ಪಾದ ನನ್ನ ಕೈಗೆ ಸಿಕ್ಕಿತು, ಬಿಡಲೇ ಇಲ್ಲ! ಮೊಣಕೈ ತರಚಿದ್ದು ಮನೆಗೆ ಹೋದ ಮೇಲೆ ಗೊತ್ತಾಯಿತು. ಈ ವರ್ಷದ ತಂಡವನ್ನು ಇನ್ನೂ ಆರಿಸಿಲ್ಲ. ಸಿಗದಿದ್ದರೂ ಅಕ್ಕನ ಕಾಲು ನೋಡುವುದನ್ನು ಬಿಡುವುದಿಲ್ಲ.

ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ಕೋರುತ್ತೇನೆ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ