ಹಕ್ಕಿಗಳ ನಡುಗಡ್ಡೆಗೆ ಹೋದ ಹ್ಯೂಮ್ ಮಹಾಶಯರು

ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಪ್ರಥಮ ಅಧಿವೇಶನವು 1885ರ ಡಿಸೆಂಬರಿನಲ್ಲಿ ನಮ್ಮ ಈ ಪುಣೆಯಲ್ಲಿಯೇ ನೆರೆಯಬೇಕಾಗಿದ್ದಿತು. ಊರಿನಲ್ಲಿ ಕಾಲರಾ ತಲೆದೋರಿದ್ದರಿಂದ ಅದು ಮುಂಬಯಿಗೆ ಸರಿಯಿತು. ಅದರ ಸ್ಥಾಪಕರಲ್ಲಿ ಪ್ರಮುಖರಾದ ಅಲನ್ ಆಕ್ಟೇವಿಯನ್ ಹ್ಯೂಮ್ ಅವರ ಹೆಸರನ್ನು ವಿದ್ಯಾರ್ಥಿಗಳೆಲ್ಲರೂ ಇತಿಹಾಸದ ಪಾಠದಲ್ಲಿ ಓದಿರುವರು. ಅವರು ನಮ್ಮ ಪಡುಗಡಲಿನ ಹಕ್ಕಿಗಳ ವೃತ್ತಾಂತವನ್ನು ಬರೆದಿಟ್ಟವರೂ ಹೌದೆಂಬುದು ಅನೇಕರಿಗೆ ತಿಳಿಯದು.

1829ರಲ್ಲಿ ಜನಿಸಿದ ಹ್ಯೂಮ್ ಅವರು 1849ರಲ್ಲಿ ಭಾರತಕ್ಕೆ ಬಂದರು. ಇಟಾವಾ ಜಿಲ್ಲೆಯ ಅಧಿಕಾರಿಯಾಗಿ, 1857ರ ವೇಳೆಗೆ ಅಲ್ಲಿ 181 ಶಾಲೆಗಳನ್ನು ತೆರೆಯಿಸಿದರು. ಸರಕಾರದ ಕೆಲಸದ ನಡುವೆಯೇ ಸಾವಿರಾರು ಪಕ್ಷಿಗಳನ್ನು ಹೊಡೆದು ಸಂಗ್ರಹಿಸಿದರು. 'ಸ್ಟ್ರೇ ಫೆದರ್ಸ್' ಎಂಬ ಪಕ್ಷಿಶಾಸ್ತ್ರದ ಪತ್ರಿಕೆಯನ್ನು ನಡೆಯಿಸಿದರು.

1875ರಲ್ಲಿ ಅವರು ಲಕ್ಷದ್ವೀಪಗಳಿಗೂ ಪಶ್ಚಿಮ ಕರಾವಳಿಗೂ ಹಡಗಿನಲ್ಲಿ ಹೋದರು. ಕೊಂಕಣದ ವೆಂಗುರ್ಲೆಯಾಚೆಗಿನ ಕಡಲಬಂಡೆಗಳ ಗವಿಯಲ್ಲಿ, ತಮ್ಮ ಜೊಲ್ಲಿನಿಂದಲೇ ಗೂಡು ಕಟ್ಟುವ ಚಿಕ್ಕ ಬಾನಾಡಿಗಳನ್ನು ಕಂಡರು. ಉತ್ತರ ಕನ್ನಡದ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲಹದ್ದುಗಳ ಗೂಡುಗಳನ್ನು ಕಂಡರು. ಇದನ್ನೆಲ್ಲ 1876ರಲ್ಲಿ ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇಂಥ ತಾಣಗಳಿಗೆ ಸುತ್ತಲಿನ ನೀರೇ ಕೋಟೆ. ಬರಿಯ ಬಂಡೆಯ ಮೇಲೆ ಮೊಟ್ಟೆಯಿಡುವ ಹಕ್ಕಿಗೂ ಅಲ್ಲಿ ನರಿಯ ಭಯವಿಲ್ಲ. ಆದರೆ ದೋಣಿಯೇರಿ ಬರುವ ಮನುಷ್ಯನಿಗೆ ಆ ಕೋಟೆಯು ಅಡ್ಡಿಯಾಗದು.

ಮುಂದೆ ಹ್ಯೂಮ್ ಅವರು ಮಾಂಸಾಹಾರವನ್ನೂ ಪಕ್ಷಿಬೇಟೆಯನ್ನೂ ತೊರೆದರು. ಆ ಕಾಲದಲ್ಲಿಯೇ ಅವರಿಗೊಂದು ದೊಡ್ಡ ಆಘಾತವಾಯಿತು. ಬಹುವರ್ಷಗಳ ಹಸ್ತಪ್ರತಿಗಳನ್ನು ಸಿಮ್ಲಾದ ಮನೆಯಿಂದ ಆಳೊಬ್ಬನು ಕದ್ದು, ಪೇಟೆಯಲ್ಲಿ ರದ್ದಿ ಕಾಗದವಾಗಿ ಮಾರಿಬಿಟ್ಟಿದ್ದನು. ಮನನೊಂದ ಅವರು 1885ರಲ್ಲಿ ತಮ್ಮ ಸಂಗ್ರಹವನ್ನು ಬ್ರಿಟಿಷ್ ಮ್ಯೂಜಿಯಮ್ಮಿಗೆ ಒಪ್ಪಿಸಿ, ದೇಶಕಾರ್ಯದಲ್ಲಿ ತೊಡಗಿದರು. 1912ರಲ್ಲಿ ಲಂಡನ್ನಿನಲ್ಲಿ ನಿಧನರಾದರು.

ಹಸ್ತಪ್ರತಿಗಳು ಹೋದರೂ ಅಚ್ಚಾದ ಬರಹವು ಉಳಿಯಿತು. ಅವರು ಕಂಡ ಹಕ್ಕಿಗಳಿಗೆ ಮಾತ್ರ ಕಷ್ಟಗಳು ತಪ್ಪಲಿಲ್ಲ. ನೇತ್ರಾಣಿಯನ್ನು ನೌಕಾಪಡೆಯು ಗುಂಡಿನ ಗುರಿಯಭ್ಯಾಸಕ್ಕೆ ಬಳಸಿತು. ವೆಂಗುರ್ಲೆಯ ಬಾನಾಡಿಗಳ ಗೂಡುಗಳನ್ನು, ಪರದೇಶದ ಸೂಪಿಗಾಗಿ ಕಳ್ಳರು ಕಿತ್ತೊಯ್ದರು. ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯವರು ಆ ಗೂಡುಗಳ ರಕ್ಷಣೆಗೆ ನಿಂತರು.

ವಿದ್ಯಾರ್ಥಿಮಿತ್ರರೇ, ಎಲ್ಲಿ ಏನಿದ್ದಿತೆಂದು ಬರೆದಿಟ್ಟವರಿಲ್ಲದಿದ್ದರೆ, ಏನು ಕಳೆಯಿತೆಂದು ಕೇಳುವವರೂ ಇರಲಾರರು. ನೀವೂ ನಿಮ್ಮೂರಿನ ಕೆರೆಯ, ಕಡಲಿನ ಹಕ್ಕಿಗಳನ್ನು ನೋಡಿರಿ, ಬರೆದಿಡಿರಿ. ಅದಕ್ಕೆ ಬಂದೂಕು ಬೇಡ. ಒಂದು ನೋಟುಬುಕ್ಕು ಸಾಕು.